ಉಸಿರಿಗೆ ಸಾಕ್ಷಿ ನುಡಿಯುವ ಬೆರಳು

ಕಪಿಲೆ ಹೊಳೆಯ ಮೇಲಿನ ಮಂಜು ಇನ್ನೂ ಸರಿದಿಲ್ಲ. ದೇವಸ್ಥಾನದ ಗಂಟೆ ನಿಂತಿದೆ, ಅದರ ನಾದ ಮಾತ್ರ ಬೀದಿಯಲ್ಲಿ ಉಳಿದಿದೆ. ನಂಜನಗೂಡಿನ ಅಂಗಡಿ ಬೀದಿಯ ಹಿಂದಿನ ಓಣಿಯಲ್ಲಿ ಗುರುಮಲ್ಲಪ್ಪ ಆಗಲೇ ಬೆಂಚಿನ ಮುಂದೆ ಕುಳಿತಿದ್ದಾರೆ. ಹಣೆಯ ವಿಭೂತಿಯ ಒದ್ದೆ ಆರಿಲ್ಲ. ಎದುರಿಗೆ ಹಳೆಯ ರೇಡಿಯೊ ಗಾತ್ರದ ಒಂದು ಯಂತ್ರ. ಅದರಿಂದ ಹೊರಟ ತಂತಿಯ ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದೊಂದು ಕ್ಲಿಪ್ಪು, ಕ್ಲಿಪ್ಪಿನ ಒಳಗೆ ಸಾಸಿವೆ ಕಾಳಿನಷ್ಟು ಕೆಂಪು ದೀಪ.

ಆಪರೇಷನ್ ಮೇಜಿನ ಮೇಲೆ ಎಚ್ಚರ ತಪ್ಪಿ ಮಲಗಿದವರ ಬೆರಳಿಗೆ ಹಾಕುವ ಸೆನ್ಸರ್ ಇದು. ದೀಪದ ಬೆಳಕು ಬೆರಳನ್ನು ಹಾಯ್ದು ಬಂದು, ನೆತ್ತರಿನಲ್ಲಿ ಪ್ರಾಣವಾಯು ನೂರಕ್ಕೆ ಎಷ್ಟಿದೆ ಎಂದು ಯಂತ್ರಕ್ಕೆ ತಿಳಿಸುತ್ತದೆ. ಮಲಗಿದವರಿಗೆ ತಮ್ಮ ಉಸಿರು ಕುಂದುತ್ತಿದೆ ಎಂದು ಹೇಳಿಕೊಳ್ಳಲು ಬಾಯಿಲ್ಲ. ಅವರ ಪರವಾಗಿ ಈ ಕ್ಲಿಪ್ಪು ಹೇಳಬೇಕು. ಅದು ನಿಜ ಹೇಳುತ್ತದೆಯೇ ಎಂದು ನೋಡುವುದು ಗುರುಮಲ್ಲಪ್ಪನವರ ಕಾಯಕ.

"ಮೊದ್ಲು ಬೆಳ್ಳಿಲ್ದೆ ನೋಡ್ಬೇಕು ಸಾ" ಎಂದು, ನೋಡಲು ಬಂದ ನನಗೆ ಹೇಳುತ್ತಾ, ಬೆರಳು ಹಾಕದ ಬರಿಯ ಕ್ಲಿಪ್ಪನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿಯುತ್ತಾರೆ. ಯಂತ್ರದ ಮುಖದಲ್ಲಿ ಅಂಕಿಯಿಲ್ಲ, ಬರಿಯ ಗೆರೆ. "ಬೆಳ್ಳಿಲ್ದಾಗ ಸುಮ್ಕಿರ್ಬೇಕು. ಕೇಳ್ದೇ ಇದ್ರೂ ಮಾತಾಡೋ ಮನ್ಸನ್ನ ನಂಬಕ್ಕಾಗಲ್ಲ, ಮಿಷಿನ್ನೂ ಅಂಗೇ."

ಆಮೇಲೆ ತಮ್ಮ ತೋರುಬೆರಳಿಗೆ ಹಾಕಿಕೊಳ್ಳುತ್ತಾರೆ. ಎದೆಬಡಿತದ ಜೊತೆಗೆ ಟಿಕ್ ಟಿಕ್ ಸದ್ದು. ತೊಂಬತ್ತೆಂಟು. ತಂತಿಯನ್ನು ಬುಡದಲ್ಲಿ ಆಚೀಚೆ ಬಗ್ಗಿಸುತ್ತಾರೆ, ಅಂಕಿ ಅಲುಗುವುದಿಲ್ಲ. ಬೇರೆ ಯಾರಾದರೂ ಇಲ್ಲಿಗೆ ಪರೀಕ್ಷೆ ಮುಗಿಯಿತು ಎನ್ನುತ್ತಿದ್ದರು. ಗುರುಮಲ್ಲಪ್ಪ ಒಳಮನೆಯ ಕಡೆ ತಿರುಗಿ ಕರೆಯುತ್ತಾರೆ: "ಬಸಮ್ಮ, ಬಾರವ್ವ."

ಕಾಫಿ ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು ತಂಗಿ ಚಿಕ್ಕಬಸಮ್ಮ ಬರುತ್ತಾರೆ. ತಣ್ಣಗಿರುವ ಬೆರಳನ್ನು ಸೆನ್ಸರ್ ಓದುವುದಿಲ್ಲ, ಅದಕ್ಕೆ ಕಾಫಿ. ಹೊಸ್ತಿಲ ಬಳಿ ಒಮ್ಮೆ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಹೆಜ್ಜೆ ಇಡುತ್ತಾರೆ. ಮೂವತ್ತು ದಾಟಿದ ಹೆಣ್ಣು, ಹನ್ನೆರಡರ ಹುಡುಗಿಯ ಮೈ. ತುಟಿಯೂ ಉಗುರೂ ನೇರಳೆ ಹಣ್ಣು ತಿಂದವರ ಹಾಗೆ ನೀಲಿ.

ಹುಟ್ಟಿನಿಂದಲೂ ಅವರ ಹೃದಯದಲ್ಲೊಂದು ತೂತಿದೆ. ಹುಟ್ಟೂರು ಕಳಲೆಯಲ್ಲಿ ಚಿಕ್ಕಂದಿನಲ್ಲಿ ಓರಗೆಯ ಮಕ್ಕಳು "ಶಾಯಿ ಕುಡಿದೋಳು" ಎಂದು ಆಡಿಕೊಂಡರೆ, ಅಜ್ಜಿ ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, "ನಮ್ಮಪ್ಪ ನಂಜುಂಡನ ಕೊಳ್ಳೂ ನೀಲಿನೇ. ಅವನ ಪಾಲಲ್ಲಿ ಒಂದ್ ಗುಟುಕು ನಿಂಗೆ ಬಂದದೆ" ಎನ್ನುತ್ತಿದ್ದಳಂತೆ. ಆ ಮಾತು ಕೇಳಿದ ಮಗು ಅಳು ನಿಲ್ಲಿಸುತ್ತಿತ್ತಂತೆ.

ಅಣ್ಣ ರೇಡಿಯೊ ರಿಪೇರಿ ಕಲಿತು ನಂಜನಗೂಡಿಗೆ ಬಂದವರು. ತೊಂಬತ್ತರ ದಶಕವೆಲ್ಲ ಟೀವಿಯ ಕಾಲ. ಆಗಲೇ ಒಂದು ಸಂಜೆ ಅರಿವಳಿಕೆ ವೈದ್ಯೆ ಡಾ. ರುದ್ರಾಣಿ ತಂತಿ ಹರಿದ ಸೆನ್ಸರ್ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದರು. ನಂಜನಗೂಡು, ತಿ. ನರಸೀಪುರ, ಬನ್ನೂರು ಎಂದು ಸಣ್ಣಪುಟ್ಟ ನರ್ಸಿಂಗ್ ಹೋಮುಗಳಿಗೆ ಯಂತ್ರವನ್ನು ಕಾರಿನಲ್ಲಿಟ್ಟುಕೊಂಡು ಓಡಾಡುವವರು ಅವರು. ಕಂಪನಿಯವರು ಬರುವವರೆಗೆ ಕಾಯುವಂತಿರಲಿಲ್ಲ. ಗುರುಮಲ್ಲಪ್ಪ ತಂತಿ ಬೆಸೆದು, ತಮ್ಮ ಬೆರಳಿಗೆ ಹಾಕಿ ತೋರಿಸಿ, "ಸರಿ ಆಯ್ತು ಮೇಡಂ" ಎಂದರು.

ಡಾಕ್ಟರ್ ನಕ್ಕರಂತೆ. "ಗಟ್ಟಿಮುಟ್ಟಾಗಿರೋರ ಬೆರಳಲ್ಲಿ ಎಲ್ಲಾ ಸೆನ್ಸರೂ ಸತ್ಯ ಹರಿಶ್ಚಂದ್ರನೇ ಗುರುಮಲ್ಲಪ್ಪ. ಉಸಿರು ಕಮ್ಮಿಯಾದಾಗ ಕಮ್ಮಿ ಅಂತ ಹೇಳುತ್ತಾ? ನನಗೆ ಬೇಕಾದ್ದು ಅದು."

ಆ ಮಾತು ಬಾಗಿಲ ಹಿಂದೆ ನಿಂತಿದ್ದ ಚಿಕ್ಕಬಸಮ್ಮನ ಕಿವಿಗೆ ಬಿತ್ತು. ಅವರು ಹೊರಗೆ ಬಂದು ನೀಲಿ ಉಗುರಿನ ಕೈ ಚಾಚಿದರು. ಡಾಕ್ಟರ್ ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಮೈಸೂರಿಗೆ ಕರೆದೊಯ್ದು, ಮಣಿಕಟ್ಟಿನ ರಕ್ತ ತೆಗೆಸಿ ಪರೀಕ್ಷೆ ಮಾಡಿಸಿದರು. ಎಂಬತ್ತಮೂರು ಎಂದು ಬಂತು. ಒಳ್ಳೆಯ ಸೆನ್ಸರೊಂದನ್ನು ಹಾಕಿ ನೋಡಿದರೆ ಅದೂ ಹೆಚ್ಚುಕಡಿಮೆ ಅಷ್ಟನ್ನೇ ಹೇಳಿತು. ಆ ಸೆನ್ಸರನ್ನು ಡಾಕ್ಟರ್ ಇವರಲ್ಲೇ ಬಿಟ್ಟರು. ಅಂದಿನಿಂದ ಇಲ್ಲಿಗೆ ಬಂದ ಪ್ರತಿ ಸೆನ್ಸರೂ ಅಣ್ಣನ ಬೆರಳು ದಾಟಿ, ತಂಗಿಯ ಬೆರಳಿಗೆ ತಲೆಬಾಗಿಯೇ ಹೊರಡಬೇಕು.

"ಸಂತೇಲಿ ತೂಕದ ಕಲ್ಲಿರ್ತದಲ್ಲ ಸಾ, ಅಂಗೆ ನಾನು" ಎಂದು ಚಿಕ್ಕಬಸಮ್ಮ ನಗುತ್ತಾರೆ. "ಕಲ್ಲು ತಾನೇನೂ ಮಾಡಲ್ಲ. ಸುಮ್ಕೆ ಕುಂತಿರ್ತದೆ."

"ಸುಮ್ಕೆ ಕುಂತಿರ್ತಾಳಂತೆ! ಬಾಯಿ ಕೇಳ್ಬೇಕು ಇವ್ಳದ್ದು" ಎಂದು ಅಣ್ಣ ಗದರುತ್ತಾರೆ.

ಇವತ್ತಿನ ಸೆನ್ಸರ್ ತಿ. ನರಸೀಪುರದ ನರ್ಸಿಂಗ್ ಹೋಮಿನದು. ಮೂಗೂರಿನ ಬಸುರಿಯೊಬ್ಬರಿಗೆ ಈ ಬೆಳಿಗ್ಗೆಯೇ ಅಲ್ಲಿ ಆಪರೇಷನ್, ಮೊದಲ ಬಸ್ಸಿಗೆ ಇದು ಹೋಗಬೇಕು. ಸಾಮಾನ್ಯವಾಗಿ ಬರುವವು ತಂತಿ ತುಂಡಾದವು, ಪಿನ್ನು ಸಡಿಲವಾದವು. ಇದರಲ್ಲಿ ದೀಪವೇ ಸತ್ತಿತ್ತು. ಗುರುಮಲ್ಲಪ್ಪ ಮೈಸೂರಿನಿಂದ ತಂದಿದ್ದ ಬೇರೊಂದು ಪುಟ್ಟ ಕೆಂಪು ದೀಪವನ್ನು ನಿನ್ನೆ ಕೂರಿಸಿದ್ದಾರೆ.

ಚಿಕ್ಕಬಸಮ್ಮ ಬೆರಳು ಚಾಚುತ್ತಾರೆ. ಕ್ಲಿಪ್ಪು ಕಚ್ಚುತ್ತದೆ. ಟಿಕ್, ಟಿಕ್. ಅಂಕಿ ಮೂಡುತ್ತದೆ.

ತೊಂಬತ್ತನಾಲ್ಕು.

ಗುರುಮಲ್ಲಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡುತ್ತಾರೆ. ತೊಂಬತ್ತನಾಲ್ಕೇ. ಬೆಂಗಳೂರಿನ ಹೃದಯದ ಡಾಕ್ಟರು ಹೋದ ತಿಂಗಳು ತಂಗಿಗೆ ಹೊಸ ಮಾತ್ರೆ ಕೊಟ್ಟಿದ್ದಾರೆ. ಮುಂದಿನ ಸಲ ಬಂದಾಗ ಆಪರೇಷನ್ ಆಗುವಂಥದೋ ಅಲ್ಲವೋ ಹೇಳುತ್ತೇವೆ ಎಂದಿದ್ದಾರೆ. ಈ ಮನೆ ಆ ಒಂದು ಮಾತಿಗಾಗಿ ಕಾಯುತ್ತಿದೆ. "ಅವ್ವಾ! ಬಾ ಇಲ್ಲಿ! ಮಾತ್ರೆ ಇಡೀತು ಕಣವ್ವ!"

ತಾಯಿ ಗುರುಬಸಮ್ಮ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಾರೆ. ಅಂಕಿ ಓದಲು ಬಾರದು, ಮಗನ ಮುಖ ಓದುತ್ತಾರೆ. "ನಂಜುಂಡಪ್ಪ ಕಣ್ ಬುಟ್ನಲ್ಲಪ್ಪ" ಎಂದು ಯಂತ್ರಕ್ಕೇ ಕೈಮುಗಿಯುತ್ತಾರೆ. ಮಗಳ ತಲೆಗೆ ಹಿಟ್ಟು ಮೆತ್ತುವಂತೆ ನೆಟಿಕೆ ಮುರಿಯುತ್ತಾರೆ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಹಾರನ್ನು. ನರಸೀಪುರದ ಬಸ್ಸಿನ ಕಂಡಕ್ಟರ್ ಮಾದು ಬಾಗಿಲಿಗೇ ಬಂದಿದ್ದಾರೆ. "ಗುರುಮಲ್ಲಣ್ಣ, ಕೊಡಿ ಬಿರ್ರನೆ! ಪ್ಯಾಸೆಂಜರ್‌ಗಳು ನನ್ ಜೀವ ತೆಗೀತಾ ಅವ್ರೆ."

ಗುರುಮಲ್ಲಪ್ಪ ಸೆನ್ಸರನ್ನು ಕಳಚಿ ತಂತಿ ಸುತ್ತತೊಡಗುತ್ತಾರೆ. ಚಿಕ್ಕಬಸಮ್ಮ ತಮ್ಮ ಉಗುರುಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ.

"ಅಣ್ಣಯ್ಯ, ಉಗುರು ಅಂಗೇ ಅದೆ."

"ನಿಧಾನ್ಕೆ ತಿರುಗ್ತದೆ ಬುಡವ್ವ."

"ಒಳಗಿಂದ ಇಲ್ಲಿಗೆ ಬರಕ್ಕೆ ಹೊಸ್ಲಲ್ಲಿ ನಿಂತ್ಕೊಂಡೆ. ನಿನ್ನೆನೂ ನಿಂತ್ಕೊಂಡಿದ್ದೆ."

"ಬಾಯ್ಮುಚ್ಚೆ!" ತಾಯಿ ಗದರುತ್ತಾರೆ. "ಒಳ್ಳೇದು ಬಂದ್ರೆ ಬ್ಯಾಡ ಅಂತಾಳೆ, ಮುಂಡೇದು."

ಕಪಾಟಿನಲ್ಲಿ ಡಾಕ್ಟರು ಬಿಟ್ಟುಹೋದ ಹಳೆಯ ಸೆನ್ಸರ್ ಇದೆ, ಅದನ್ನು ಹಾಕಿ ನೋಡಿದರೆ ಒಂದು ಗಳಿಗೆಯಲ್ಲಿ ತಿಳಿಯುತ್ತದೆ. ಗುರುಮಲ್ಲಪ್ಪನವರ ಕೈ ಅತ್ತ ಹೋಗುವುದಿಲ್ಲ. ಕೆಟ್ಟ ಸುದ್ದಿಯನ್ನು ನಂಬದಿರುವುದು ಸುಲಭ. ಒಳ್ಳೆಯ ಸುದ್ದಿಯನ್ನು ನಂಬದಿರುವುದಕ್ಕೆ ಬೇರೆಯೇ ಬಲ ಬೇಕು.

ಕೊನೆಗೆ ಎದ್ದು ಕಪಾಟಿಗೆ ಹೋಗುವವರು ಚಿಕ್ಕಬಸಮ್ಮ. ಹಳೆಯ ಸೆನ್ಸರಿನ ಪಿನ್ನನ್ನು ತಾವೇ ಯಂತ್ರಕ್ಕೆ ಚುಚ್ಚುತ್ತಾರೆ, ಅದೇ ಬೆರಳನ್ನು ಒಳಗಿಡುತ್ತಾರೆ. ಟಿಕ್, ಟಿಕ್.

ಎಂಬತ್ತೆರಡು.

ಗುರುಬಸಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋಗುತ್ತಾರೆ. ಗುರುಮಲ್ಲಪ್ಪ ನರಸೀಪುರದ ಸೆನ್ಸರಿನ ಕ್ಲಿಪ್ಪು ಬಿಚ್ಚಿ ದೀಪವನ್ನು ನೋಡುತ್ತಾ ಕೂರುತ್ತಾರೆ. "ಕಣ್ಣಿಗೆ ಅಳೇ ದೀಪನೂ ಇದೂ ಒಂದೇ ಕೆಂಪು ಸಾ" ಎನ್ನುತ್ತಾರೆ. "ರಕ್ತಕ್ಕೆ ಬೇರೆ ಬೇರೆ ಅನ್ಸುತ್ತೆ. ಇದು ಎಲ್ರಿಗೂ ಚೆನ್ನಾಗಿದ್ದೀರಿ ಅಂತದೆ. ಆ ಬಸುರಿ ಹೆಂಗ್ಸು ಮೇಜಿನ್ ಮೇಲೆ ನೀಲಿ ತಿರುಗ್ತಿದ್ರೂ ಚೆನ್ನಾಗಿದ್ದಾಳೆ ಅಂತಿತ್ತು."

ಟೆಲಿಫೋನು ತಿರುಗಿಸಿ ಡಾ. ರುದ್ರಾಣಿಯವರಿಗೆ ಹೇಳುತ್ತಾರೆ: "ಮೇಡಂ, ನಾ ಹಾಕಿದ ದೀಪ ಸರಿಯಿಲ್ಲ. ಇದನ್ನ ಕಳ್ಸಲ್ಲ. ನಮ್ಮನೇದು ಕಳುಸ್ತಾವ್ನಿ." ಆ ಕಡೆಯ ದನಿ ಕೇಳುತ್ತದೆ: "ಚಿಕ್ಕಬಸಮ್ಮನಿಗೆ ತೋರಿಸಿದ್ರಾ?" "ಅವ್ಳೇ ಇಡಿದಿದ್ದು ಮೇಡಂ." "ಹಾಗಾದರೆ ಮನೆಯದನ್ನೇ ಕಳಿಸಿ. ಬರೋವರೆಗೂ ಕಾಯ್ತೀನಿ."

ಹಳೆಯ ಸೆನ್ಸರ್ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಕೊಂಡು ಮಾದುವಿನ ಚರ್ಮದ ಚೀಲ ಸೇರುತ್ತದೆ. "ಕಾಯ್ಕೊಂಡೇ ಓಯ್ತೀನಿ ಕಣಕ್ಕ" ಎಂದು ಚಿಕ್ಕಬಸಮ್ಮನಿಗೆ ಹೇಳಿ ಓಡುತ್ತಾರೆ. ಯಾವಾಗಲೂ ಏನಾದರೊಂದು ತಮಾಷೆ ಮಾಡಿ ಹೋಗುವವರಂತೆ. ಇವತ್ತು ಮಾಡಲಿಲ್ಲ.

ತಿಂಗಳಿಗೆ ಹತ್ತು ಹನ್ನೆರಡು ಸೆನ್ಸರುಗಳು ಈ ಓಣಿಗೆ ಬರುತ್ತವೆ. ಅವುಗಳ ಬೆಳಕು ಎಷ್ಟು ತಾಯಂದಿರ, ಎಷ್ಟು ಕೂಸುಗಳ ಬೆರಳನ್ನು ಹಾಯ್ದಿದೆಯೋ ಲೆಕ್ಕ ಇಟ್ಟವರಿಲ್ಲ. ಆ ಬೆಳಕನ್ನು ಮೊದಲು ತನ್ನ ಬೆರಳಲ್ಲಿ ತೂಗಿ ಕಳಿಸಿದವಳೊಬ್ಬಳಿದ್ದಾಳೆ ಎಂದು ಅವರಾರಿಗೂ ಗೊತ್ತಿಲ್ಲ.

ಮಧ್ಯಾಹ್ನ ಫೋನು ಬರುತ್ತದೆ. ಮೂಗೂರಿನ ಹೆಂಗಸಿಗೆ ಹೆಣ್ಣು ಮಗು, ಇಬ್ಬರೂ ಕ್ಷೇಮ. ಗುರುಮಲ್ಲಪ್ಪ ಸುದ್ದಿಯನ್ನು ಒಳಗೆ ಕೂಗಿ ಹೇಳಿ, ಬೆಂಚಿನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಹಾಗೇ ಇರುತ್ತಾರೆ. ಚಿಕ್ಕಬಸಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಾರೆ. ಬೆಳಿಗ್ಗೆ ಕಂಡ ಆ ಅಂಕಿ ಸುಳ್ಳಾದರೂ ಒಂದು ಗಳಿಗೆ ಸಂತೋಷ ಕೊಟ್ಟಿತಲ್ಲವೇ ಎಂದು ಕೇಳಿದರೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ತಡೆದು ತಡೆದು ಹೇಳುತ್ತಾರೆ:

"ಕೊಡ್ತು ಸಾ, ಯಾಕಿಲ್ಲ. ನಮ್ಮವ್ವ ನಗೋದ್ ನೋಡಿ ಎಷ್ಟ್ ದಿನ ಆಗಿತ್ತು. ಆದ್ರೆ ಅಂಥ ನಗು ನಂಗ್ ಬ್ಯಾಡ. ನಮ್ಮಣ್ಣ ನೋಡಿ ಸರಿಯಾಗೇ ಅದೆ ಅಂತ ಒಪ್ಪಿರೋ ಮಿಷಿನ್ನೇ ಒಂದ್ ದಿನ ನನ್ ಬೆಳ್ಳಿಗೆ ತೊಂಬತ್ತನಾಲ್ಕು ಅನ್ಬೇಕು. ಅವತ್ತು ನಮ್ಮಣ್ಣಂಗೆ ಅಂತೀನಿ, 'ಓಗು, ಇನ್ಮೇಲೆ ನಿನ್ ಕೆಲ್ಸಕ್ಕೆ ಬೇರೆ ಬೆಳ್ಳು ಉಡುಕ್ಕೊ' ಅಂತ."