ಅವನ್ ಮಾಡಿದ ಝುಣಕಾ

ಮನೆ ಅಡುಗೆಗೆ ಮೈಕ್ರೋವೇವ್ ಉಪಯೋಗಕ್ಕೆ ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ನಲ್ಲಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ದಿನಾ ಬರುತ್ತದೆ ಎನ್ನುವವರ ಜೊತೆ ಈ ವಿಷಯ ಮಾತಾಡಿ ಸುಖವಿಲ್ಲ. ಅವರು ಕೇಕು, ಪಿಜ್ಜಾ ಅನ್ನುತ್ತಾರೆ. ನನಗೆ ನೆನಪಾಗುವುದು ಪಾತ್ರೆ ತೊಳೆಯುವ ನೀರು.

ಮೇಲಿಂದ ಮೇಲೆ ಮಳೆ ಕೈಕೊಟ್ಟ ವರ್ಷಗಳವು. ಬೀದರಿನ ನಮ್ಮ ಓಣಿಗೆ ಟ್ಯಾಂಕರ್ ಬಂದರೆ ಕೊಡ ಹಿಡಿದು ಓಡುವುದರಲ್ಲಿ ನಾನೇ ಮೊದಲು. ನಾನು ಆಸ್ಪತ್ರೆಯಲ್ಲಿ ನರ್ಸು, ನನ್ನ ಗಂಡ ಭಾಲ್ಕಿಯ ಸಾಲೆಯೊಂದರಲ್ಲಿ ಮಾಸ್ತರು. ಗಂಡನ ಊರು ಔರಾದ ಕಡೆಯ ಡಾಬಕಾ. ಅಲ್ಲಿ ಬಾವಿ ಬತ್ತಿತು. ಗಂಡನ ಅಣ್ಣ, ಅಂದರೆ ನನ್ನ ಭಾವ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೈದರಾಬಾದಿಗೆ ಕೆಲಸಕ್ಕೆ ಹೋದರು. ಅತ್ತೆ ಒಂದು ಟ್ರಂಕು, ಒಂದು ಚೀಲ ಜೋಳ ಹೊತ್ತುಕೊಂಡು ನಮ್ಮ ಮನೆಗೆ ಬಂದರು.

ಅತ್ತೆಯ ಬಲಗೈ ನಡುಗುತ್ತಿತ್ತು. ಆದರೂ ಅಡುಗೆ ಮನೆ ಬಿಟ್ಟುಕೊಡುವ ಪೈಕಿ ಅಲ್ಲ ಅವರು. ಒಂದು ಮಧ್ಯಾಹ್ನ ಗ್ಯಾಸ್ ಹಚ್ಚುವಾಗ ಸೆರಗಿಗೆ ಬೆಂಕಿ ಹತ್ತಿತು. ನಾನು ಪಕ್ಕದಲ್ಲೇ ಇದ್ದೆ, ಅಂಗೈಯಲ್ಲಿ ಬಡಿದು ಆರಿಸಿದೆ. ಸುಟ್ಟ ಗಾಯದವರ ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು ನಾನು. ನನಗೆ ಹೆದರಿಕೆಯಾದರೆ ಅದು ಸಿಟ್ಟಾಗಿಯೇ ಹೊರಗೆ ಬರುತ್ತದೆ.

“ಇವತ್ತಿನಿಂದ ನೀವು ಒಲಿ ಮುಟ್ಟಬ್ಯಾಡ್ರಿ” ಎಂದೆ, ಓಣಿಗೆ ಕೇಳುವಷ್ಟು ಜೋರಾಗಿ.

ಅತ್ತೆ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಮೂರನೆಯ ದಿನ ಟ್ರಂಕು ಹೊರಗೆ ಬಂತು.

“ಒಲಿ ಮುಟ್ಟದಾಕಿ ಈ ಮನ್ಯಾಗ ಕುಂತು ಏನ್ ಮಾಡ್ಲಿ? ಬರೇ ಉಣ್ಲಿಕ್ಕ ನಾ ಏನ್ ಬೀಗತಿ ಬಂದೀನೇನ? ಹೈದ್ರಾಬಾದಿಗಿ ಹೋಗ್ತೇನಿ.”

ಹೈದರಾಬಾದಿನಲ್ಲಿ ಭಾವನ ಸಂಸಾರ ಒಂದೇ ತಗಡಿನ ಕೋಣೆಯಲ್ಲಿತ್ತು. ಅಡುಗೆ ನೆಲದ ಮೇಲಿನ ಸೀಮೆಎಣ್ಣೆ ಸ್ಟೋವಿನ ಮೇಲೆ. ಆ ಸ್ಟೋವಿಗೂ ಈ ಕೈಗೂ ಜೋಡಿ ಹಾಕುವ ಧೈರ್ಯ ನನಗಿರಲಿಲ್ಲ. ಇನ್ನೂ ನಿಜ ಹೇಳಬೇಕೆಂದರೆ ಅವರು ಹೋಗುವುದು ನನಗೆ ಬೇಡವಾಗಿತ್ತು. ಡ್ಯೂಟಿ ಮುಗಿಸಿ ಬಂದಾಗ “ಬಂದೇನವಾ” ಎಂದು ಬಾಗಿಲು ತೆಗೆಯುವವರೊಬ್ಬರು ಇರುವುದು ನನಗೆ ರೂಢಿಯಾಗಿಬಿಟ್ಟಿತ್ತು.

“ಒಂದ್ ವಾರ ನಿಲ್ರಿ” ಎಂದು ಟ್ರಂಕು ಒಳಗಿಟ್ಟೆ. ಆ ವಾರವೇ ಮೈಕ್ರೋವೇವ್ ಮನೆಗೆ ಬಂತು. ಬೆಂಕಿ ಇಲ್ಲ, ನಡುಗುವ ಕೈಯೂ ಗುಂಡಿ ಒತ್ತಬಲ್ಲದು. ಯಾವ ಗುಂಡಿ ಒತ್ತಬೇಕೆಂದು ಗೊತ್ತಾಗಲಿ ಎಂದು ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿಯ ತುಂಡನ್ನು ಅದರ ಮೇಲೆ ಅಂಟಿಸಿದೆ. “ಇದಕ್ಕ ಅವನ್ ಅಂತಾರ್ರಿ” ಎಂದು ಹೆಸರೂ ಹೇಳಿಕೊಟ್ಟೆ.

ಅವನ್ ಅಂದರೆ ಅತ್ತೆಗೆ ಅವನು. ಅಲ್ಲಿಗೆ ನಮ್ಮ ಮನೆಯಲ್ಲಿ ಇನ್ನೊಬ್ಬ ಗಂಡಸು ಬಂದು ಸೇರಿದ. “ಅವ ಇನ್ನಾ ಗುಂಯ್ ಅನ್ಲಿಕ್ಕತ್ತಾನ, ತಡೀ” ಎನ್ನುತ್ತಿದ್ದರು. ಮೊದಲ ದಿನ ಸ್ಟೀಲ್ ಬಟ್ಟಲು ಇಟ್ಟು ಕಿಡಿ ಹಾರಿಸಿ, ಅವನಿಗೇ ಬೈದರು. ಮರುದಿನ ತಟ್ಟಿದ ಹಸಿ ರೊಟ್ಟಿ ಇಟ್ಟರು, ಹೊರಗೆ ಬಂದದ್ದು ಚಪ್ಪಲಿಯ ಅಟ್ಟೆ. ನನ್ನ ಗಂಡ ತಾಯಿಯ ಮೇಲಿನ ಪ್ರೀತಿಗೆ ಅರ್ಧ ತಿಂದರು, ಉಳಿದರ್ಧವನ್ನು ಓಣಿಯ ಎಮ್ಮೆಯೂ ಮೂಸಲಿಲ್ಲ. ರೊಟ್ಟಿ ಅವನ ಕೈಲಾಗದ ಕೆಲಸವೆಂದು ತೀರ್ಮಾನಿಸಿ, ಬೆಳಿಗ್ಗೆ ನಾನೇ ಹಂಚಿನ ಮೇಲೆ ಸುಟ್ಟಿಟ್ಟು ಡ್ಯೂಟಿಗೆ ಹೋಗತೊಡಗಿದೆ.

ಆದರೆ ಶೇಂಗಾ ಹುರಿಯಲು, ಎಣ್ಣೆಯಿಲ್ಲದೆ ಹಪ್ಪಳ ಸುಡಲು ಅವನು ಗಟ್ಟಿಗ. ಝುಣಕಾದಲ್ಲಂತೂ ಅತ್ತೆ ಅವನನ್ನು ಪಳಗಿಸಿಬಿಟ್ಟರು. ಎರಡು ಹಿಡಿಕೆಯ ಗಾಜಿನ ಬಟ್ಟಲಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಖಾರ, ಎಣ್ಣೆ ಹಾಕಿ ಮೊದಲು ಬಾಡಿಸುವುದು. ಆಮೇಲೆ ನೀರಲ್ಲಿ ಕದಡಿದ ಕಡಲೆಹಿಟ್ಟು ಸುರಿದು, ನಡುನಡುವೆ ನಿಲ್ಲಿಸಿ ತಿರುವುವುದು. ದಪ್ಪ ಅರಿವೆ ಹಿಡಿದು ಎರಡೂ ಕೈಯಿಂದ ಹೊರಗೆ ತೆಗೆದರೆ, ಮಾಡಿದ ಬಟ್ಟಲಲ್ಲೇ ಊಟ. ತೊಳೆಯಲು ಒಂದು ತಂಬಿಗೆ ನೀರು ಸಾಕು. ಆ ವರ್ಷಗಳಲ್ಲಿ ಇದಕ್ಕಿಂತ ದೊಡ್ಡ ಉಪಯೋಗ ಇನ್ನೇನು ಬೇಕಿತ್ತು?

ಖುಷಿಯಾಗಿದ್ದ ಅತ್ತೆ ಹೈದರಾಬಾದಿನ ಹಿರಿಯ ಸೊಸೆಗೆ ಫೋನ್ ಮಾಡಿದರು. “ನನಗ ಏನೂ ತ್ರಾಸ ಇಲ್ಲವಾ. ಇಕಿ ಡ್ಯೂಟಿಗಿ ಹೋಗ್ತಾಳ, ಅಡಗಿ ಎಲ್ಲಾ ಅವನೇ ಮಾಡ್ತಾನ. ಝುಣಕಾ ಏನ್ ಮಾಡ್ತಾನಂತಿ!”

ಹಿರಿಯ ಸೊಸೆಗೆ ಅವನು ಅಂದರೆ ನನ್ನ ಗಂಡ. ಸುದ್ದಿಗೆ ಕಾಲು ಬಂತು. ಮುಂದಿನ ಭಾನುವಾರ ಚರ್ಚಿನಿಂದ ಹೊರಗೆ ಬರುವಾಗ ನೆಂಟರೊಬ್ಬರು, “ಮಾಸ್ತರ, ಝುಣಕಾಕ್ಕ ಉಳ್ಳಾಗಡ್ಡಿ ಎಷ್ಟ್ ಹಾಕ್ತೀರಿ?” ಎಂದು ಕೇಳಿದರು. ಉಪ್ಪು, ಸಕ್ಕರೆಯ ವ್ಯತ್ಯಾಸ ನೆಕ್ಕಿ ನೋಡಿ ಹೇಳುವ ನನ್ನ ಗಂಡ ಕಣ್ಣು ಕಣ್ಣು ಬಿಟ್ಟರು. ಸಂಗತಿ ಹೊಳೆದ ಮೇಲೆ ನಾವು ಮನೆಗೆ ಬರುವತನಕ ನಕ್ಕೆವು.

ಮನೆಯಲ್ಲಿ ಭಾವ ಬಂದು ಕೂತಿದ್ದರು. ಅವರ ಮುಖದಲ್ಲಿ ನಗು ಇರಲಿಲ್ಲ.

“ಸಾಲ್ಯಾಗ ಹುಡುಗರಿಗಿ ಕಲಸಾಂವ, ಮನ್ಯಾಗ ಹಿಟ್ಟು ಕಲಸ್ಲಿಕ್ಕತ್ತೀ ಏನ?” ಎಂದು ತಮ್ಮನಿಗೆ ಗದರಿದರು. ನನ್ನ ಕಡೆ ನೋಡದೆಯೇ ನನಗೂ ಹೇಳಿದರು: “ಅವ್ವಗ ಮಾಡಿ ಹಾಕೋದು ಭಾರ ಆಗಿದ್ರ ಹೇಳ್ರಿ, ಇವತ್ತೇ ಕರ್ಕೊಂಡು ಹೋಗ್ತೇನಿ.”

ನನ್ನ ನಾಲಿಗೆಯ ತುದಿಗೆ ಏನೇನೋ ಬಂತು. ಅಷ್ಟರಲ್ಲಿ ಅತ್ತೆ ಎದ್ದರು. “ಎಲ್ಲಾರೂ ಕುಂಡ್ರಿ. ಬಾಯಿ ಮುಚ್ಚಿ ಕುಂಡ್ರಿ.”

ಕೂತೆವು. ಅತ್ತೆ ನಮ್ಮೆದುರಿಗೇ ಹಿಟ್ಟು ಕದಡಿದರು. ಕೈ ನಡುಗಿ ಒಂದು ಹಿಡಿ ನೆಲಕ್ಕೆ ಚೆಲ್ಲಿತು. ನಾನು ಏಳಹೋದೆ, ಒಂದೇ ನೋಟದಲ್ಲಿ ಕೂಡಿಸಿದರು. ಬಿಳಿ ಪಟ್ಟಿಯ ಗುಂಡಿ ಒತ್ತಿದರು, ತೆಗೆದರು, ತಿರುವಿದರು, ಮತ್ತೆ ಒತ್ತಿದರು. ಭಾವ ಬಾಯಿ ತೆರೆದು ಆ ಡಬ್ಬಿಯನ್ನೇ ನೋಡುತ್ತಿದ್ದರು.

“ಇವನೇ ನೋಡಪ್ಪಾ ಅಂವ” ಎಂದರು ಅತ್ತೆ.

ನನ್ನ ಗಂಡ ಮೊದಲು ನಕ್ಕರು, ಆಮೇಲೆ ನಾನು, ಕೊನೆಗೆ ಭಾವ, ಕಣ್ಣಲ್ಲಿ ನೀರು ಬರುವ ಹಾಗೆ. ಪ್ರಾರ್ಥನೆ ಮಾಡಿ ಊಟಕ್ಕೆ ಕೂತೆವು. ಭಾವ ಮೊದಲ ತುತ್ತು ಬಾಯಿಗಿಟ್ಟು ತಾಯಿಯ ಕಡೆ ತಿರುಗಿದರು.

“ಡಬ್ಬಿ ಯಾವದರೆ ಇರ್ಲಿ. ಇದು ನಿನ್ನ ಕೈದೇ ಅದ ಅವ್ವಾ.” ಇನ್ನೊಂದು ತುತ್ತು ಮುರಿಯುತ್ತ ಮೆಲ್ಲಗೆ ಕೇಳಿದರು, “ನನ್ನ ಸಂಗಟ ಬರ್ತೀ ಏನ?”

ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ.

“ನಾ ಬಂದ್ರ ಹ್ಯಾಂಗಪ್ಪಾ?” ಎಂದರು ಅತ್ತೆ. “ಇಕಿ ಡ್ಯೂಟಿ ಮಾಡಿ ಹಸದು ಬರ್ತಾಳ. ಇಕಿಗಿ ಯಾರು ಮಾಡಿ ಹಾಕ್ತಾರ?”

ಅತ್ತೆ ನನ್ನ ತಟ್ಟೆಯತ್ತ ಬಾಗಿ ಇನ್ನೊಂದು ಚಮಚ ಝುಣಕಾ ಹಾಕಿದರು. ಅರ್ಧ ತಟ್ಟೆಗೆ ಬಿತ್ತು, ಅರ್ಧ ನನ್ನ ಮಡಿಲಿಗೆ. ಸಾಕು ಅನ್ನಲಿಲ್ಲ ನಾನು.