ಬಿಸಿಲಿಗೊಡ್ಡಿದ ಗುಲಾಬಿ

ಕೈಯಿಂದ ಅರೆದ ಜಲವರ್ಣಗಳಲ್ಲಿ ಕಣ್ಣು ಕುಕ್ಕುವ ಬಣ್ಣ ಮಾಡುವವರು ಬೇಕಾದಷ್ಟಿದ್ದಾರೆ. ಕುಕ್ಕಿದ ಬಣ್ಣ ಹಾಗೆಯೇ ನಿಲ್ಲುವಂತೆ ಮಾಡುವವರು ಬೆರಳೆಣಿಕೆಯಷ್ಟು. ಆ ಕೆಲವರಲ್ಲಿ ಹಿರಿಯರಾದ, ಮೂವತ್ತನಾಲ್ಕು ವರ್ಷ ಬಣ್ಣದ ಕಾರ್ಖಾನೆಯೊಂದರಲ್ಲಿ, ಬಹುಪಾಲು ಒಂದೇ ಗಾಜಿನ ಹಲಗೆಯ ಮುಂದೆ ನಿಂತು ಈಗ ನಿವೃತ್ತರಾಗುತ್ತಿರುವ ಬಿಸಿಲಕ್ಕನವರನ್ನು ಈ ಅಭಿನಂದನ ಸಂಪುಟದ ಉಳಿದ ಲೇಖನಗಳು 'ವರ್ಣಚೇತನ' ಎಂದು ಕರೆದಿವೆ. ಹಾಗೆ ಬರೆದವರಲ್ಲಿ ಎಷ್ಟು ಜನ ಅರೆಯುವ ಕೋಣೆಯ ಹೊಸ್ತಿಲು ದಾಟಿದ್ದಾರೋ ತಿಳಿಯದು.

ಅಲ್ಲಿ ಪಾತ್ರೆ ತೊಳೆಯಲು ಸೇರಿದವರು ಬಿಸಿಲಕ್ಕ. ನಾಲ್ಕನೇ ವರ್ಷ ಅರೆಯುವ ಗಾಜಿನ ಗುಂಡು ಕೈಗೆ ಬಂತು. ಗಿಣಿಹಸಿರು, ಮಾವಿನ ಹಳದಿ, ದಾಸವಾಳದ ಕೆಂಪು, ಎಲ್ಲವೂ ಅವರ ತೋಳಿನ ಬಲದಿಂದಲೇ ನುಣುಪಾದವು. ಒಮ್ಮೆ ಹೊಸಬನೊಬ್ಬ ಬಣ್ಣ ಕಲಸುವ ಅಂಟಿಗೆ ಜೇನು ಹೆಚ್ಚು ಸುರಿದು, ಬೆಳಗಾಗುವಷ್ಟರಲ್ಲಿ ಇಡೀ ದಿನದ ಹಳದಿಗೆ ಇರುವೆ ಮುತ್ತಿದ್ದವು. ಮೇಲ್ವಿಚಾರಕರು ಕೂಗಾಡುತ್ತ ಬಂದಾಗ ಬಿಸಿಲಕ್ಕ, "ಸುರಿದಿದ್ದು ನಾನೇ ಸ್ವಾಮಿ. ಇರುವೆಗಳಿಗಾದ್ರೂ ನಮ್ಮ ಬಣ್ಣ ರುಚಿಸ್ತಲ್ಲ, ಬಿಡಿ" ಎಂದರು. ಹೊಸಬನ ಕೆಲಸ ಉಳಿಯಿತು.

ಹೊಸ ಬಣ್ಣವನ್ನು ಕಾಗದದ ಪಟ್ಟಿಗೆ ಬಳಿದು, ಅರ್ಧಕ್ಕೆ ಕಪ್ಪು ಹಾಳೆ ಮುಚ್ಚಿ, ಒಂದು ವರ್ಷ ಕಿಟಕಿಯಲ್ಲಿ ತೂಗುಹಾಕುವುದು ಅವರ ಪದ್ಧತಿ. ವರ್ಷ ತುಂಬಿದ ಮೇಲೆ ಎರಡೂ ಅರ್ಧ ಒಂದೇ ಆಗಿದ್ದರೆ ಮಾತ್ರ ಆ ಬಣ್ಣ ಅಂಗಡಿಗೆ. ಬಿಸಿಲಕ್ಕ ಎಂಬ ಹೆಸರು ಬಂದದ್ದು ಹೀಗೆ.

ಇಷ್ಟು ವರ್ಷ ಯಾರೋ ಕಂಡುಹಿಡಿದ ಬಣ್ಣಗಳನ್ನು ಅರೆದವರು, ಕೊನೆಯ ಆರು ವರ್ಷ ತಮ್ಮದೇ ಒಂದು ಗುಲಾಬಿಗಾಗಿ ಹೆಣಗಿದರು. ಅದರ ಪಟ್ಟಿಗೆ ಹತ್ತು ತಿಂಗಳಾಗಿತ್ತು. ಬೀಳ್ಕೊಡುಗೆಯ ದಿನವೇ ಅದನ್ನು 'ಬಿಸಿಲಕ್ಕ ಗುಲಾಬಿ' ಎಂದು ಮಾರುಕಟ್ಟೆಗೆ ಬಿಡಲು ಮೇಲಿನವರು ನಿರ್ಧರಿಸಿ, ಡಬ್ಬಿಯ ಮುಚ್ಚಳಗಳನ್ನೂ ಅಚ್ಚು ಹಾಕಿಸಿದರು.

"ಎರಡು ತಿಂಗಳಿಗೆ ಏನು ಪ್ರಪಂಚ ಮುಳುಗುತ್ತಾ, ಅಕ್ಕ? ನಿಮ್ಮ ಹೆಸರೇ ಇಟ್ಟಿದ್ದೀವಿ" ಎಂದರು ಚಿಕ್ಕ ಯಜಮಾನರು.

"ಹೆಸರಿಟ್ಟಿದ್ದಕ್ಕೇ ಹೇಳ್ತಿರೋದು. ಬಿಸಿಲಿಗೆ ನಿಮ್ಮ ಆಮಂತ್ರಣ ಪತ್ರಿಕೆ ಓದೋಕೆ ಬರಲ್ಲಪ್ಪಾ."

ಹಾಗೆಂದು ಅವರು ಕಿಟಕಿಯ ಬಳಿ ಹೋಗಿ ಕಪ್ಪು ಹಾಳೆ ಎತ್ತಿದರು. ಮುಚ್ಚಿದ್ದ ಅರ್ಧ ಉರಿಯುತ್ತಿತ್ತು. ತೆರೆದಿದ್ದ ಅರ್ಧ ಒಂದು ಎಳೆಯಷ್ಟು ಸೋತಿತ್ತು.

"ಇಷ್ಟು ಯಾರಿಗೆ ಕಾಣುತ್ತೆ, ಅಕ್ಕ?"

"ನನಗೆ ಕಂಡಿತಲ್ಲ. ಮಾರಬೇಡಿ."

ವಾರಗಟ್ಟಲೆ ಸಭೆ ಸೇರಿ ಅವರ ಸನ್ಮಾನಕ್ಕೆ ಯೋಜನೆ ಹಾಕಿದ ಯಾರೊಬ್ಬರಿಗೂ, ಆ ಹಾಳೆಯನ್ನು ಎತ್ತಿ ನೋಡೋಣವೆಂದು, ಹೋಗಲಿ, ಅವರನ್ನೇ ಒಂದು ಮಾತು ಕೇಳೋಣವೆಂದು ಅನ್ನಿಸಿರಲಿಲ್ಲ. ಬಿಸಿಲಕ್ಕನವರ ಏಕೈಕ ಬಣ್ಣವನ್ನು ಅವರೇ ತಡೆಯಬೇಕಾದ ಕಷ್ಟವನ್ನೂ ಅವರ ತಲೆಗೇ ಕಟ್ಟಿದರು.

"ಹಾಗಾದ್ರೆ ಸಮಾರಂಭದಲ್ಲಿ ನಿಮಗೆ ಏನು ಕೊಡೋದು?" ಎಂದು ಚಿಕ್ಕ ಯಜಮಾನರು ತಲೆ ಕೆರೆದುಕೊಂಡರು.

"ಒಂದು ಕುರ್ಚಿ ಕೊಡಿ. ಮೂವತ್ತನಾಲ್ಕು ವರ್ಷದಿಂದ ನಿಂತೇ ಇದ್ದೀನಿ."

ಈ ಸಂಪುಟದೊಂದಿಗೆ ಹಂಚುತ್ತೇವೆಂದು ಪ್ರಕಟಿಸಿದ್ದ ಬಣ್ಣದ ಡಬ್ಬಿ ಓದುಗರ ಕೈಸೇರದಿರುವುದಕ್ಕೆ ಕಾರಣ ಇಷ್ಟೇ. ಮರುದಿನ ಬೆಳಿಗ್ಗೆ ಅವರು ಮತ್ತೊಂದು ಗುಲಾಬಿ ಅರೆದು, ಹೊಸ ಪಟ್ಟಿ ತೂಗುಹಾಕಿದ್ದಾರೆ. ಬಿಸಿಲಕ್ಕನವರು ನೂರ್ಕಾಲ ಬಾಳಲಿ, ಅವರ ತೋಳು ಸೋಲದಿರಲಿ. ಮುಂದಿನ ವರ್ಷ ಆ ಹಾಳೆಯನ್ನು ಅವರೇ ಬಂದು ಎತ್ತಲಿ, ಅಲ್ಲಿಯವರೆಗೆ ಯಾರೂ ಮುಚ್ಚಳ ಅಚ್ಚು ಹಾಕಿಸದಿರಲಿ.