ಹೊಂಡದ ಪಂಪಿಗೆ ಕಟ್ಟಿದ ಬಟ್ಟೆ

ಅಥವಾ ಆ ಬಟ್ಟೆ ಬಿಳಿಯದಾಗಿರಲೇ ಇಲ್ಲವೇನೋ. ಹಿಂದೆ ಎರಡು ಸಲ ಇದನ್ನು ಬರೆಯಲು ಕೂತಾಗಲೂ ‘ಮಾವನ ಹಳೆಯ ಧೋತರದ ಬಿಳಿ ತುಂಡು’ ಎಂದೇ ಶುರು ಮಾಡಿದ್ದೆ. ಬರೆದ ಮೇಲೆ ಅದು ಬಿಳಿಯದೇ ಆಗಿಬಿಟ್ಟಿತು. ಈಗ ಕಣ್ಣು ಮುಚ್ಚಿದರೆ ಕಾಣುವುದು ನಾನು ಕಂಡ ಬಟ್ಟೆಯೋ, ಬರೆದ ಬಟ್ಟೆಯೋ ಹೇಳಲಾರೆ. ಮೀನುಗಳು ಐದಿದ್ದವು ಎಂಬುದರ ಬಗ್ಗೆಯೂ ಪೂರ್ತಿ ಭರವಸೆಯಿಲ್ಲ. ನಾಲ್ಕು ಉಳಿದದ್ದು ಖಾತ್ರಿ, ಒಂದು ಸತ್ತದ್ದು ಖಾತ್ರಿ. ಕೂಡಿಸಿದರೆ ಐದು. ಅಷ್ಟೇ ಆಧಾರ.

ಎಂಬತ್ತರ ದಶಕದ ನಡುವಿನ ಒಂದು ವರ್ಷ. ನನ್ನ ಮದುವೆಯಾಗಿ ಐದು ತಿಂಗಳಾಗಿತ್ತು. ಗಂಡನ ಮನೆ ಕುಂದಗೋಳ ತಾಲೂಕಿನಲ್ಲಿ, ಕುಬಿಹಾಳದಿಂದ ಆಚೆಗೆ. ಮಾವ ಹುಬ್ಬಳ್ಳಿಯ ಹತ್ತಿ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಕೆಲಸ ಮುಗಿಸಿ ಊರಿಗೆ ಬಂದ ಮೇಲೆ ಹಿತ್ತಲಿನ ಬೇವಿನ ಮರದ ಹತ್ತಿರ ಸಿಮೆಂಟಿನದೊಂದು ಹೊಂಡ ಕಟ್ಟಿಸಿದ್ದರು. ಒಂದು ಮೂಲೆಯಲ್ಲಿ ತಾವರೆ, ಉಳಿದ ನೀರಿನಲ್ಲಿ ಹುಬ್ಬಳ್ಳಿಯಿಂದ ತಂದ ಕೆಂಪು ಮೀನು. ದಂಡೆಯ ಮೇಲೆ ಸಣ್ಣ ಪಂಪು. ಅದು ಹೊಂಡದ ನೀರನ್ನು ಎಳೆದು, ಜಲ್ಲಿ, ಉಸುಕು, ಇದ್ದಿಲು ತುಂಬಿದ ಬ್ಯಾರಲ್ಲಿಗೆ ಮೇಲಿನಿಂದ ಸುರಿಯುತ್ತಿತ್ತು. ಬ್ಯಾರಲ್ಲಿನ ಬುಡದಿಂದ ತಿಳಿನೀರು ಮತ್ತೆ ಹೊಂಡಕ್ಕೆ ಬೀಳುತ್ತಿತ್ತು. ಕರೆಂಟ್ ಇದ್ದಷ್ಟು ಹೊತ್ತು ಇದೇ ಕೆಲಸ.

ಊರಿನವರಿಗೆ ಇದೊಂದು ತಮಾಷೆ. ಕೆರೆಗೆ ಚಪ್ಪಲಿ ಕಳಚಿ ಇಳಿದು ನೀರು ತರುವ ಊರದು. ಬರೀ ನೋಡಲಿಕ್ಕೆಂದು ನೀರು ಇಟ್ಟುಕೊಂಡ ಮನೆ ಇನ್ನೊಂದಿರಲಿಲ್ಲ. ಹಿತ್ತಲಿನ ಗೋಡೆಯಾಚೆಯ ನೆರೆಯಾಕೆ ಬಂದವರಿಗೆಲ್ಲ ಹೇಳುತ್ತಿದ್ದಳು: “ವಿಭೂತಿ ಹಚ್ಚೂ ಮನ್ಯಾಗ ಮೀನಾ ಸಾಕ್ಯಾರ. ತಿನ್ನಾಂಗಿಲ್ಲ, ಮಾರಾಂಗಿಲ್ಲ. ಏನ ಪುಣ್ಯಾ ಮಾಡಿ ಬಂದಾವೋ ಆ ಮೀನಾ!”

ಮಾವನಿಗೆ ಮೋತಿಬಿಂದು ಬಲಿತಿತ್ತು. ಕಣ್ಣಿನ ಆಪರೇಶನ್ನಿಗೆ ಹುಬ್ಬಳ್ಳಿಗೆ ಹೋಗಬೇಕು, ಹತ್ತು ದಿನ ಅಲ್ಲೇ. ಜೊತೆಗೆ ನನ್ನ ಗಂಡ. ಮನೆಯಲ್ಲಿ ಉಳಿಯುವವರು ನಾನು ಮತ್ತು ಅತ್ತೆ. ಹೊರಡುವ ಹಿಂದಿನ ದಿನ ಮಾವ ನನ್ನನ್ನು ಹೊಂಡದ ಹತ್ತಿರ ಕರೆದರು.

“ಇಲ್ನೋಡವಾ. ಈ ಪೈಪಿನ ಬಾಯಿಗೆ ಜಾಳಗಿ ಐತಿ. ಎಲಿ, ಕಸಾ ಬಂದು ಇಲ್ಲಿ ಕುಂತೂ ಅಂದ್ರ ಪಂಪ್ ಉಪವಾಸ. ಮುಂಜಾನಿಗೊಮ್ಮಿ ಸಂಜಿಗೊಮ್ಮಿ ಪೈಪ್ ಎತ್ತಿ ಕೈಲೆ ಕಿತ್ತ ತಗೀಬೇಕು. ಎತ್ತೂಕಿಂತ ಮೊದಲ ಸ್ವಿಚ್ ಬಂದ್. ಮತ್ತ ಕಿವಿ ಈ ಕಡೇನ ಇರಲಿ. ಬ್ಯಾರಲ್‌ದಾಗ ನೀರ ಬೀಳೂ ಸಪ್ಪಳ ಸಣ್ಣಾತಂದ್ರ ಬಂದ್ ಮಾಡಿಬಿಡು. ಒಣಾ ತಿರುಗಿದ್ರ ಮೋಟರ್ ಸುಡತೈತಿ, ಹೊಂಡದ ನೀರ ಕೆಡತೈತಿ, ಮೀನಾ ಉಳಿಯಂಗಿಲ್ಲ.”

ಅತ್ತೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. ಮೊರದಿಂದ ಕಣ್ಣೆತ್ತದೆ ಅಂದರು: “ನಲವತ್ತ ವರ್ಷ ಈ ಮನಿ ನೀರ ಸೋಸೇನಿ ನಾ. ನನಗೇನ ಹೇಳಬ್ಯಾಡ್ರಿ. ನಿನ್ನಿ ಬಂದಾಕಿಗೆ ಹೇಳ್ರಿ.”

“ನಿನಗ ಒಂದ ಹೇಳಿದ್ರ ನೀ ನನಗ ಹತ್ತ ಹೇಳ್ತಿ,” ಎಂದರು ಮಾವ. “ಆಕಿ ಕೇಳತಾಳ.”

ಅಲ್ಲಿಗೆ ಹೊಂಡ ನನ್ನ ಕೊರಳಿಗೆ ಬಿತ್ತು. ಆ ಮನೆಯಲ್ಲಿ ಅದುವರೆಗೆ ಯಾರೂ ನನಗೆ ಒಂದು ಕೆಲಸವನ್ನು ಪೂರ್ತಿ ಒಪ್ಪಿಸಿರಲಿಲ್ಲ. ಒಪ್ಪಿಸಿದ ಮೊದಲ ಕೆಲಸವೇ ಕೆಟ್ಟರೆ ಎಂಬ ಹೆದರಿಕೆ, ಅದೂ ಅತ್ತೆಯ ಕಣ್ಣೆದುರಿಗೆ.

ಮೊದಲ ಮೂರು ದಿನ ನೆನಪಿರುವುದು ಬರೀ ಸಪ್ಪಳವಾಗಿ. ರೊಟ್ಟಿ ಬಡಿಯುವಾಗ ಪಂಪಿನ ನೀರು ಕೇಳಿಸುತ್ತಿರಲಿಲ್ಲ. ಬಡಿಯುವುದನ್ನು ನಿಲ್ಲಿಸಿ, ಕೈಯನ್ನು ಹಿಟ್ಟಿನ ಮೇಲೆ ಹಾಗೇ ಇಟ್ಟು ಕಿವಿಗೊಡುತ್ತಿದ್ದೆ. ನೀರು ಬೀಳುತ್ತಿದೆ. ಎರಡು ಸುತ್ತು ಬಡಿದು ಮತ್ತೆ ನಿಲ್ಲಿಸುತ್ತಿದ್ದೆ.

“ಕೈ ಯಾಕ ನಿಂತೂ? ಹಂಚ ಕಾದೈತಿ,” ಎನ್ನುತ್ತಿದ್ದರು ಅತ್ತೆ.

“ಸಪ್ಪಳ ಕೇಳಾಕತ್ತೇನ್ರಿ.”

“ಮೀನಾ ಏನ ನಿನ್ನ ಹೆಸರ ಹಿಡದ ಕರೀತಾವೇನಬೇ?”

ಬೇವಿನ ಎಲೆ ಉದುರುವ ದಿನಗಳು. ಹಿಟ್ಟಿನ ಹಳೆಯ ಜರಡಿಯಿಂದ ನೀರಿನ ಮೇಲಿನ ಎಲೆ ಬಳಿದು ತೆಗೆಯುತ್ತಿದ್ದೆ. ಮಾವ ಹೇಳಿದ್ದು ದಿನಕ್ಕೆ ಎರಡು ಸಲ, ನಾನು ಪೈಪು ಎತ್ತಿದ್ದು ಆರೇಳು ಸಲ. ಎತ್ತಿದ ಪ್ರತಿ ಸಲವೂ ನೀರು ಜಾರಿಹೋಗಿ, ಪಂಪಿನ ಬಾಯಿಗೆ ತಂಬಿಗೆಯಿಂದ ನೀರು ತುಂಬಿ ಮತ್ತೆ ಶುರು ಮಾಡಬೇಕಿತ್ತು. ಅದು ಎಳೆದುಕೊಳ್ಳುವವರೆಗಿನ ಎರಡು ನಿಮಿಷ ನನಗೂ ಉಸಿರು ಹಿಡಿದಂತೆಯೇ.

ನಾಲ್ಕನೆಯ ದಿನ ಗೋಡೆಯಾಚೆಯ ಕಣದಲ್ಲಿ ಜೋಳ ತೂರಲು ಶುರು ಮಾಡಿದರು. ಗಾಳಿ ನಮ್ಮ ಕಡೆಗಿತ್ತು. ಹೊಟ್ಟು ಮೊದಲು ನೀರಿನ ಮೇಲೆ ತೇಲುತ್ತದೆ, ಜರಡಿಗೆ ಸಿಗುತ್ತದೆ. ನೆನೆದ ಮೇಲೆ ಕೆಳಗಿಳಿದು ನೇರ ಪೈಪಿನ ಬಾಯಿಗೆ ಹೋಗುತ್ತದೆ. ತಾಸಿಗೊಮ್ಮೆ ಜಾಳಗಿ ಮುಚ್ಚಿಕೊಳ್ಳತೊಡಗಿತು. ಗೋಡೆಯ ಮೇಲಿಂದ ನೆರೆಯಾಕೆಯನ್ನು ಕೂಗಿದೆ.

“ಅಕ್ಕಾರ, ಹೊಟ್ಟ ಎಲ್ಲಾ ನಮ್ಮ ಹೊಂಡಕ್ಕ ಬರಾಕತ್ತೈತ್ರಿ!”

“ಗಾಳಿಗೆ ಹೇಳಬೇ! ನಿಮ್ಮ ಮಾವ ಅದಕ್ಕೂ ಒಂದ ಸ್ವಿಚ್ ಇಟ್ಟಿರಬೇಕ ನೋಡು!”

ಕಣದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆನೇ? ನಕ್ಕಿರಲಾರೆ.

ಇನ್ನು ಬಟ್ಟೆ. ಆ ಕಡೆ ಕೆರೆಯ ನೀರನ್ನು ಯಾರೂ ಹಾಗೇ ಕುಡಿಯುತ್ತಿರಲಿಲ್ಲ. ಕೊಡದ ಬಾಯಿಗೆ ನಾಲ್ಕು ಮಡಿಕೆಯ ಹಳೆಯ ಬಟ್ಟೆ ಕಟ್ಟಿ ಸೋಸಬೇಕು. ಸೋಸದ ನೀರು ನೀರೇ ಅಲ್ಲ. ಬಟ್ಟೆ ಹಳೆಯದಾದಷ್ಟೂ, ನೇಯ್ಗೆ ಒತ್ತಾದಷ್ಟೂ ಒಳ್ಳೆಯದು. ಇದು ನಾನು ತವರಿನಿಂದ ತಂದ ಬುದ್ಧಿ, ಅತ್ತೆಯದೂ ಅದೇ ಬುದ್ಧಿ. ಕೊಡಕ್ಕೆ ಸಲ್ಲುವುದು ಪೈಪಿಗೆ ಏಕೆ ಸಲ್ಲಬಾರದು? ನನ್ನ ನೆನಪಿನಲ್ಲಿ ನಾನು ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದೇನೆ, ರವಿಕೆಯ ತೋಳು ಒದ್ದೆಯಾಗಿದೆ, ಧೋತರದ ತುಂಡನ್ನು ನಾಲ್ಕು ಮಡಿಕೆ ಮಾಡಿ ಜಾಳಗಿಯ ಮೇಲೆ ಸುತ್ತಿ ಪುಂಡಿ ನಾರಿನ ಹುರಿಯಿಂದ ಬಿಗಿಯುತ್ತಿದ್ದೇನೆ. ಹುರಿ ಬೆರಳನ್ನು ಕೊಯ್ದದ್ದು ಕೂಡ ನೆನಪಿದೆ.

ಬಟ್ಟೆ ಕಟ್ಟಿದ ಮೇಲೆ ಬ್ಯಾರಲ್ಲಿಗೆ ಒಂದು ಹೊಟ್ಟೂ ಬರಲಿಲ್ಲ. ನೀರು ಕನ್ನಡಿಯಂತೆ ಬೀಳುತ್ತಿತ್ತು. ಎರಡು ದಿನ ನಾನು ಪೈಪು ಎತ್ತಿಯೇ ನೋಡಲಿಲ್ಲ. ಇಷ್ಟು ಹೆದರಿಕೆಯ ಹೆಂಗಸು ಎರಡು ದಿನ ಹೇಗೆ ಸುಮ್ಮನಿದ್ದಳು ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಟ್ಟೆ ನಾನೇ ಕಟ್ಟಿದ್ದರಿಂದಲೇ ಆ ಧೈರ್ಯ ಬಂದಿರಬೇಕು. ಕಟ್ಟಿದವಳು ನಾನೇ ಎಂಬುದಕ್ಕೆ ಇದನ್ನು ನಾನು ಸಾಕ್ಷಿ ಎಂದು ಎಣಿಸುತ್ತೇನೆ. ಸಾಕ್ಷಿ ನನ್ನದೇ, ತೀರ್ಪೂ ನನ್ನದೇ ಆದ್ದರಿಂದ ಅದರ ಬೆಲೆ ಎಷ್ಟೆಂದು ಗೊತ್ತು.

ಸಪ್ಪಳ ಒಮ್ಮೆಲೇ ಸಣ್ಣಗಾಗಿದ್ದರೆ ಕೇಳಿಸುತ್ತಿತ್ತು. ಅದು ಸ್ವಲ್ಪ ಸ್ವಲ್ಪವೇ ಇಳಿಯುತ್ತ ಹೋಯಿತು, ಕಿವಿಯೂ ಅದರ ಜೊತೆಗೇ ಇಳಿಯಿತು. ಏಳನೆಯ ದಿನ ರೊಟ್ಟಿ ಮಾಡುತ್ತಿದ್ದಾಗ ಸುಟ್ಟ ವಾಸನೆ ಬಂತು. ಹಂಚಿನ ಮೇಲಿನ ರೊಟ್ಟಿ ಸೀದಿತೆಂದು ತಿರುವಿ ಹಾಕಿದೆ. ರೊಟ್ಟಿ ಸೀದಿರಲಿಲ್ಲ.

ಓಡಿದೆ. ಪಂಪು ಗುಂಯ್‌ಗುಡುತ್ತಿತ್ತು, ಬ್ಯಾರಲ್ಲಿನಲ್ಲಿ ನೀರಿಲ್ಲ. ಸ್ವಿಚ್ ಆರಿಸಿ ಮೋಟರಿನ ಮೇಲೆ ಕೈಯಿಟ್ಟರೆ ಚುರ್ ಎಂದಿತು. ಹೊಂಡದ ನೀರು ಹಳದಿಗಟ್ಟಿ, ನೆನೆದ ಹೊಟ್ಟಿನ ಹುಳಿ ವಾಸನೆ ಬರುತ್ತಿತ್ತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಒಂದು ಅಡ್ಡಲಾಗಿತ್ತು. ಪೈಪು ಎತ್ತಿದೆ. ಬಟ್ಟೆ ಜಾಳಗಿಯೊಳಕ್ಕೆ ಜಗ್ಗಿಕೊಂಡು ಕಪ್ಪು ಲೋಳೆಯ ಮುದ್ದೆಯಾಗಿತ್ತು. ಲೋಳೆಯೊಳಗೆ ಗಂಟು ಕಾಣಲೂ ಇಲ್ಲ, ಬಿಚ್ಚಲೂ ಆಗಲಿಲ್ಲ. ಕುಡಗೋಲಿನಿಂದ ಕೊಯ್ದು ಕಿತ್ತು ತಿಪ್ಪೆಗೆ ಎಸೆದೆ. ಮೋಟರಿನ ಸ್ವಿಚ್ ಮತ್ತೆ ಒತ್ತುವ ಧೈರ್ಯ ಬರಲಿಲ್ಲ.

ಅತ್ತೆ ಹಿಂದೆ ಬಂದು ನಿಂತಿದ್ದರು. ಬೈಯುತ್ತಾರೆಂದು ಕಾದೆ. ಅವರು ಸೆರಗು ಬಿಗಿದು ಕೊಡ ಎತ್ತಿಕೊಂಡರು.

“ಏನ ನೋಡ್ತಿ? ಮುಳಗಿಸಿ ತುಂಬಕೊ, ಮ್ಯಾಲಿಂದ ಹುಯ್ಯಿ. ಹಾಲ ಆರಸೂ ಹಂಗ. ಗಾಳಿ ಕೂಡ್ಕೊಂಡ ಹೋಗಲಿ ಒಳಗ.”

ಇಬ್ಬರೂ ಹೊತ್ತು ಮುಳುಗುವವರೆಗೆ ಹೊಂಡದ ನೀರನ್ನು ಹೊಂಡಕ್ಕೇ ಸುರಿದೆವು. ತೋಳು ಸೋತು ನಾನು ನಿಂತರೆ, “ನಿಲ್ಲಬ್ಯಾಡಬೇ, ನಿನ್ನ ಮಾವ ಮೀನಾ ಎಣಿಸೇ ಹೋಗ್ಯಾರ,” ಎನ್ನುತ್ತಿದ್ದರು. ಅಡ್ಡಲಾಗಿದ್ದದ್ದು ಏಳಲಿಲ್ಲ. ಉಳಿದವು ತಳಕ್ಕಿಳಿದವು. ಮುಂದಿನ ಮೂರು ದಿನ ಮುಂಜಾನೆ ಸಂಜೆ ಇದನ್ನೇ ಮಾಡಿದೆವು. ಆ ಮೂರು ದಿನದಲ್ಲಿ ನಾನೊಂದು ಮಾತು ಕಟ್ಟಿಟ್ಟುಕೊಂಡೆ: “ಮಾವಾರ, ನನ್ನಿಂದ ತಪ್ಪಾತ್ರಿ. ಅರಬಿ ಕಟ್ಟಿದಾಕಿ ನಾನು.” ಕಸ ಗುಡಿಸುವಾಗ, ನೀರು ತರುವಾಗ, ಬಾಯಿಯೊಳಗೇ ಅಂದುಕೊಳ್ಳುತ್ತಿದ್ದೆ.

ಮಾವ ಬಂದರು, ಕಣ್ಣಿನ ಮೇಲೆ ಹಸಿರು ಬಟ್ಟೆ. ಚಹಾ ಕುಡಿಯುವ ಮೊದಲೇ ನನ್ನ ಗಂಡನ ಕೈ ಹಿಡಿದು ಹಿತ್ತಲಿಗೆ ಹೋದರು. ದಂಡೆಯ ಮೇಲೆ ಕೂತರು.

“ಸಪ್ಪಳನ ಇಲ್ಲಲ್ಲ?”

“ಮಾವಾರ,” ಎಂದೆ. ಅಷ್ಟೇ ಬಂತು.

“ಆಕೀನ ಏನ ಕೇಳ್ತೀರಿ?” ಎಂದರು ಅತ್ತೆ. “ಪೈಪಿಗೆ ಅರಬಿ ಕಟ್ಟಿದಾಕಿ ನಾನು. ಒಂದ ಮೀನಾ ಸತ್ತೈತಿ. ಮೋಟರ್ ಸುಟ್ಟೈತೋ ಹ್ಯಾಂಗೋ ನೀವ ನೋಡ್ರಿ.”

ಮಾವ ದಂಡೆಯ ಮೇಲೆ ಕೈಯಾಡಿಸಿ ಪೈಪು ತಡವಿದರು. ಆಮೇಲೆ, “ಎಷ್ಟ ಮಡಿಚಿದ್ದಿ?” ಎಂದರು.

“ನಾಕು.”

“ಕೊಡಕ್ಕ ಕಟ್ಟೂ ಹಂಗ.”

“ಮತ್ತ ಹ್ಯಾಂಗ ಕಟ್ಟತಾರು?”

“ಕೊಡಾ ಸುಮ್ಮನ ಕುಂತಿರತೈತಿ, ನೀ ಹುಯ್ದಷ್ಟ ಕುಡೀತೈತಿ. ಪಂಪ್ ಜಗ್ಗತೈತಿ. ಜಗ್ಗೂ ಬಾಯಿಗೆ ಸಣ್ಣ ಅರಬಿ ಕಟ್ಟಿದ್ರ ಉಸರ ಕಟ್ಟತೈತಿ. ಬಾಯಿ ಕಟ್ಟಬಾರದು, ದೂರಕ್ಕ ಬ್ಯಾಲಿ ಹಾಕಬೇಕು.”

“ಅದನ್ನ ಹೋಗೂಕಿಂತ ಮೊದಲ ಹೇಳಬೇಕಿತ್ತು ನೀವು.”

“ಹೌದು,” ಎಂದರು ಮಾವ.

ನಾನು ಕಟ್ಟಿಟ್ಟುಕೊಂಡ ಮಾತು ಹಾಗೇ ಉಳಿಯಿತು. ಮೋಟರ್ ಹುಬ್ಬಳ್ಳಿಗೆ ಹೋಗಿ ಹೊಸ ತಂತಿ ಸುತ್ತಿಸಿಕೊಂಡು ಬಂತು. ಅಷ್ಟರಲ್ಲಿ ಮಾವ ಒಂದು ಅಗಲವಾದ ಬಿದಿರಿನ ಬುಟ್ಟಿ ತರಿಸಿ, ಅದರ ನಡುವೆ ಪೈಪಿನ ಬಾಯಿ ಇಟ್ಟು, ಸುತ್ತ ದಪ್ಪ ಜಲ್ಲಿ ತುಂಬಿ ಹೊಂಡದಲ್ಲಿ ಇಳಿಸಿದರು. ಹೊಟ್ಟು ಬುಟ್ಟಿಯ ಒಂದು ಕಡೆ ಅಂಟಿದರೆ ನೀರು ಇನ್ನೊಂದು ಕಡೆಯಿಂದ ನುಗ್ಗುತ್ತಿತ್ತು. ಎಂಟು ದಿನಕ್ಕೊಮ್ಮೆ ಬುಟ್ಟಿ ತೊಳೆದರೆ ಸಾಕಿತ್ತು. ತೊಳೆಯುವವಳು ನಾನೇ.

ಒಂದು ಮುಂಜಾನೆ, ಒಲೆಯ ಮುಂದೆ ಇಬ್ಬರೇ ಇದ್ದಾಗ ಕೇಳಿದೆ: “ಅತ್ಯಾರ, ಅವತ್ತ ಯಾಕ ಹಂಗಂದ್ರಿ? ಅರಬಿ ನಾನ ಕಟ್ಟಿದ್ದಲ್ರೀ?”

ಅತ್ತೆ ರೊಟ್ಟಿ ತಿರುವುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದರು. ಉಪಕಾರ ಮಾಡಿದವರ ಮುಖವಾಗಿರಲಿಲ್ಲ. ನಿಜವಾಗಿಯೂ ಅರ್ಥವಾಗದ ಮುಖ.

“ನೀ ಎಲ್ಲಿ ಕಟ್ಟಿದಿಬೇ? ನೀ ಜಳಕಕ್ಕ ಹೋಗಿದ್ದಿ. ಹೊಟ್ಟ ಬರೂದ ನೋಡಿ ನನ್ನ ಸೀರಿ ಅಂಚ ಹರದ ಕಟ್ಟೇನಿ. ಕೆಂಪ ಅಂಚು.”

ನನಗೆ ಹುರಿ ನೆನಪಿತ್ತು, ಅವರಿಗೆ ಸೀರೆಯ ಅಂಚು. ಅವರು ಸುಳ್ಳು ಹೇಳಿ ನನ್ನನ್ನು ಉಳಿಸಿದ್ದರೆ, ಅಷ್ಟು ಚೆನ್ನಾಗಿ ಸುಳ್ಳು ಹೇಳುವುದು ಅವರಿಗೆ ಬೇರೆ ಯಾವಾಗಲೂ ಬಂದದ್ದನ್ನು ನಾನು ಕಾಣೆ. ಅವರು ಹೇಳಿದ್ದೇ ನಿಜವಾದರೆ ನನ್ನ ಕೊಯ್ದ ಬೆರಳಿಗೆ ಏನು ಹೇಳಲಿ? ಇಬ್ಬರೂ ಕಟ್ಟಿರಬಹುದು, ಒಬ್ಬರಿಗೆ ತಿಳಿಯದಂತೆ ಒಬ್ಬರು, ಹೊಟ್ಟು ಮೆತ್ತಿ ಮೊದಲಿನದು ಕಾಣದೆ, ಒಂದರ ಮೇಲೊಂದು. ಒಂದೇ ಆಗಿದ್ದರೆ ಮಾವ ಬರುವವರೆಗೆ ಪಂಪು ಹೇಗೋ ಎಳೆಯುತ್ತಿತ್ತೋ ಏನೋ.

ಅವತ್ತು ಕುಡಗೋಲಿನಿಂದ ಕೊಯ್ದ ಆ ಮುದ್ದೆಯನ್ನು ನಾನು ಬಿಡಿಸಿ ನೋಡಲಿಲ್ಲ. ಅದರೊಳಗೆ ಬಟ್ಟೆ ಒಂದಿತ್ತೋ ಎರಡಿದ್ದವೋ, ಅದು ಧೋತರವೋ ಸೀರೆಯ ಅಂಚೋ, ನನಗೆ ಗೊತ್ತಿಲ್ಲ.